ಬಾತುಕೋಳಿ ಸಪ್ಪಗೆ ಕೂತಿದೆ: ಎಲ್ಲಿಂದ ನೋಡಲು ಶುರು ಮಾಡಬೇಕು?

ಬೆಳಗ್ಗೆ ಗೂಡಿನ ಬಾಗಿಲು ತೆಗೆದರೆ ಬಾತುಗಳು ಒಂದರ ಹಿಂದೆ ಒಂದು ಸಾಲಾಗಿ ಹೊರಗೆ ಬರುತ್ತವೆ. ಅಂಗಳ ದಾಟಿ ಸೀದಾ ನೀರಿಗೆ. ಆ ಸಾಲಿನಿಂದ ಒಂದು ಹಿಂದೆ ಉಳಿದರೆ ನಾನು ಚಹಾ ಲೋಟ ಕೆಳಗಿಟ್ಟು ಅದರ ಹತ್ತಿರ ಹೋಗುತ್ತೇನೆ. ಮಧ್ಯಾಹ್ನ ನೋಡಿದರಾಯಿತು ಅಂತ ಬಿಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ.

ಬಾತುಕೋಳಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಸುಸ್ತು ತೋರಿಸಿದ ಹಕ್ಕಿ ನರಿಗೆ, ಹದ್ದಿಗೆ ಮೊದಲು ಸಿಗುತ್ತದೆ ಅಲ್ವಾ, ಅದಕ್ಕೆ. ಆದ್ದರಿಂದ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಕಾಯಿಲೆ ಒಂದೆರಡು ದಿನ ಹಳೆಯದಾಗಿರುತ್ತದೆ. ಇನ್ನೊಂದು ಕಷ್ಟ ಏನೆಂದರೆ, ಏನೇ ಬಂದರೂ ಶುರುವಿನಲ್ಲಿ ಕಾಣುವುದು ಒಂದೇ ಥರ. ಮೂಲೆ ಹಿಡಿಯುತ್ತದೆ, ಗರಿ ಉಬ್ಬಿಸಿ ಕೂರುತ್ತದೆ, ತಿನ್ನುವುದಿಲ್ಲ. "ಬಾತು ಸಪ್ಪಗಿದೆ, ಏನು ಕೊಡಲಿ?" ಅಂತ ಕೇಳಿದರೆ ಯಾರೂ ಸರಿಯಾದ ಉತ್ತರ ಹೇಳಲಾರರು. ಸಪ್ಪಗಿರುವುದರಿಂದ ಕಾರಣದ ತನಕ ಹೇಗೆ ಹೋಗುವುದು ಅನ್ನುವುದನ್ನಷ್ಟೇ ಇಲ್ಲಿ ಬರೆದಿದ್ದೇನೆ. ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಖಾಕಿ ಕ್ಯಾಂಪ್‌ಬೆಲ್ ಬಾತುಗಳಿವೆ, ಎರಡು ಬಿಳಿ ಪೆಕಿನ್ ಇವೆ.

ಮೊದಲು ಬೆಚ್ಚಗೆ ಇಡಿ

ಕಾರಣ ಹುಡುಕುವ ಮುಂಚೆ ಹಕ್ಕಿಯನ್ನು ಗುಂಪಿನಿಂದ ಬೇರೆ ಮಾಡಿ. ಉಳಿದವು ಅದನ್ನು ಕುಕ್ಕುವುದು ತಪ್ಪುತ್ತದೆ, ಹರಡುವ ಕಾಯಿಲೆ ಆಗಿದ್ದರೆ ಅದೂ ಅಲ್ಲೇ ನಿಲ್ಲಬಹುದು. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಸಾಕು. ತಳಕ್ಕೆ ಹಳೆ ಟವೆಲ್ ಹಾಸಿ. ದರಗು, ಅಂದರೆ ಒಣಗಿದ ಎಲೆ, ಹಾಸಬೇಡಿ, ಅದರ ಬೂಸ್ಟು ಏನು ಮಾಡುತ್ತದೆ ಅಂತ ಮುಂದೆ ಹೇಳುತ್ತೇನೆ. 40 ಅಥವಾ 60 ವ್ಯಾಟಿನ ಹಳೆ ಕಾಲದ ಬಲ್ಬನ್ನು ಒಂದು ಮೂಲೆಯಲ್ಲಿ ಮಾತ್ರ ತೂಗುಹಾಕಿ, ಬಟ್ಟೆಗೆ ತಾಗದಂತೆ. ಸೆಕೆ ಆದರೆ ಅದು ಇನ್ನೊಂದು ಮೂಲೆಗೆ ಸರಿದುಕೊಳ್ಳುತ್ತದೆ. ಎಲ್.ಇ.ಡಿ ಬಲ್ಬ್ ಪ್ರಯೋಜನವಿಲ್ಲ, ಬಿಸಿ ಬರುವುದಿಲ್ಲ. ಬಚ್ಚಲ ಒಲೆ ಹತ್ತಿರ ಬೆಚ್ಚಗಿರುತ್ತದೆ ಅಂತ ನಮ್ಮ ಅತ್ತೆ ಅಲ್ಲೇ ಇಡುತ್ತಿದ್ದರು. ಹಕ್ಕಿಗಳ ಶ್ವಾಸಕೋಶ ಹೊಗೆ ತಡೆಯುವುದಿಲ್ಲ, ಅದಕ್ಕೆ ಈಗ ಬಿಟ್ಟಿದ್ದೇವೆ. ಜೊತೆಯವುಗಳ ದನಿ ಕೇಳುವ ಜಾಗದಲ್ಲಿ ಕ್ರೇಟ್ ಇಡಿ. ಒಂಟಿಯಾದರೆ ಬಾತು ಇನ್ನೂ ಕುಗ್ಗುತ್ತದೆ.

ನೀರು ಆಳದ ಪಾತ್ರೆಯಲ್ಲಿ ಇರಲಿ, ಕೊಕ್ಕು ಮೂಗಿನ ತೂತಿನ ತನಕ ಮುಳುಗಬೇಕು. ಕುತ್ತಿಗೆ ಬಿದ್ದುಹೋದ ಹಕ್ಕಿಗೆ ಮಾತ್ರ ಹಾಗೆ ಇಡಬೇಡಿ, ಮುಳುಗಿ ಸಾಯುತ್ತದೆ. ಸುಸ್ತು ಜಾಸ್ತಿ ಇದ್ದರೆ ಮೆಡಿಕಲ್ ಶಾಪಿನ ಓ.ಆರ್.ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಒಂದು ದಿನ ಕೊಡಬಹುದು. ಉಪ್ಪು ಜಾಸ್ತಿ ಆಗಬಾರದು, ಮರಿಗಳಿಗಂತೂ ಅದೇ ವಿಷ.

ಸಿರಿಂಜಿನಲ್ಲಿ ನೀರು ಹಾಕುವಾಗ ತುಂಬಾ ಜನ ತಪ್ಪುತ್ತಾರೆ. ಬಾತಿನ ಬಾಯಿ ತೆರೆದು ನೋಡಿ, ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಅದು ಉಸಿರಿನ ದಾರಿ. ಬಾಯಿ ಅಗಲಿಸಿ ನೀರು ಚಿಮ್ಮಿಸಿದರೆ ಸೀದಾ ಅಲ್ಲಿಗೇ ಹೋಗಬಹುದು. ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಬಿಡಿ. ಅದು ಕೊಕ್ಕು ಚಪ್ಪರಿಸಿ ತಾನೇ ನುಂಗಬೇಕು. ನುಂಗದಿದ್ದರೆ ನಿಲ್ಲಿಸಿ.

ಆಮೇಲೆ ತೂಕ ನೋಡಿ ಬರೆದಿಡಿ. ದೊಡ್ಡ ಖಾಕಿ ಕ್ಯಾಂಪ್‌ಬೆಲ್ ಹೆಚ್ಚುಕಮ್ಮಿ 2 ಕೆಜಿ ತೂಗುತ್ತದೆ, ಪೆಕಿನ್ 3 ಕೆಜಿಗೂ ಮೇಲೆ. ಗರಿ ಇರುವುದರಿಂದ ಬಡಕಲಾದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ.

ಮೈ ಮುಟ್ಟಿ ಜ್ವರ ಅಂತ ತೀರ್ಮಾನ ಮಾಡಬೇಡಿ. ಆರೋಗ್ಯವಾಗಿರುವ ಬಾತಿನ ಮೈ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಪಾಪ, ಎಷ್ಟೋ ಮನೆಗಳಲ್ಲಿ ಜ್ವರವೇ ಇಲ್ಲದ ಹಕ್ಕಿಗೆ ಜ್ವರದ ಮಾತ್ರೆ ಹಾಕುತ್ತಾರೆ.

ಕಾಯಿಲೆ ಅಲ್ಲದ್ದು ಎರಡು

ವರ್ಷಕ್ಕೊಮ್ಮೆ ಬಾತಿನ ರೆಕ್ಕೆಯ ದೊಡ್ಡ ಗರಿಗಳು ಒಟ್ಟಿಗೇ ಉದುರುತ್ತವೆ. ಆ ಕೆಲವು ವಾರ ಅದು ಮಂಕಾಗಿರುತ್ತದೆ, ಮೊಟ್ಟೆ ನಿಲ್ಲಿಸುತ್ತದೆ, ಹತ್ತಿರ ಹೋದರೆ ಸರಿದು ಹೋಗುತ್ತದೆ. ಅಂಗಳದ ತುಂಬ ಗರಿ ಬಿದ್ದಿದ್ದು, ಹಕ್ಕಿ ತಿನ್ನುತ್ತಾ ಇದ್ದರೆ ಹೆದರಬೇಡಿ. ಮೀನು, ಬಟಾಣಿ ಸ್ವಲ್ಪ ಜಾಸ್ತಿ ಕೊಡಿ.

ಇನ್ನೊಂದು ದನಿ. ಗಂಡು ಬಾತಿಗೆ ಗಟ್ಟಿ ದನಿ ಇರುವುದೇ ಇಲ್ಲ, ಗಂಟಲು ಕಟ್ಟಿದ ಹಾಗೆ ಪಿಸುಗುಡುತ್ತದೆ. ಬಾಲದ ಮೇಲೆ ಸುರುಳಿ ಗರಿ ಇದ್ದರೆ ಅದು ಗಂಡು, ದನಿ ಸರಿಯಾಗಿಯೇ ಇದೆ. ಮನೆ ಎಬ್ಬಿಸುವ ಹಾಗೆ ಕೂಗುವ ಹೆಣ್ಣು ಬಾತು ಸದ್ದಿಲ್ಲದೆ ಕೂತರೆ ಮಾತ್ರ ಎತ್ತಿ ನೋಡಿ.

ಕುಂಟುತ್ತಿದೆ

ಬಾತಿನ ತೊಂದರೆಗಳಲ್ಲಿ ಜಾಸ್ತಿ ದಾರಿ ತಪ್ಪಿಸುವುದು ಇದು. ಕುಂಟಿದ ಕೂಡಲೇ ನಾವು ಕಾಲು ನೋಡುತ್ತೇವೆ. ಕಾರಣ ಪಾದದಲ್ಲಿ ಇರಬಹುದು, ಕೀಲಿನಲ್ಲಿ ಇರಬಹುದು, ಮೇವಿನಲ್ಲಿ ಇರಬಹುದು, ಹೊಟ್ಟೆಯ ಒಳಗೂ ಇರಬಹುದು.

ಹಕ್ಕಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಾದ ತಿರುಗಿಸಿ ನೋಡಿ. ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಇದ್ದು ಸುತ್ತ ಊದಿದ್ದರೆ ಅದು ಅಂಗಾಲಿನ ಕುರು. ಸಿಮೆಂಟ್ ಅಂಗಳದಲ್ಲಿ, ಜಲ್ಲಿ ಮೇಲೆ ಓಡಾಡುವ ತೂಕದ ಹಕ್ಕಿಗಳಿಗೆ ಜಾಸ್ತಿ. ಸಣ್ಣದಾಗಿದ್ದರೆ ದಿನಕ್ಕೆರಡು ಸಲ ಬೆಚ್ಚಗಿನ ಉಪ್ಪು ನೀರಲ್ಲಿ ಹತ್ತು ನಿಮಿಷ ಪಾದ ಅದ್ದಿ, ಒರೆಸಿ, ಪೊವಿಡೋನ್ ಅಯೋಡಿನ್ ಮುಲಾಮು ಹಚ್ಚಿ ಮೆತ್ತನೆ ನೆಲದ ಮೇಲೆ ಬಿಡಿ. ಬ್ಲೇಡ್ ಹಿಡಿದು ಕೊಯ್ಯಬೇಡಿ. ಒಳಗಿರುವುದು ನೀರಿನಂಥ ಕೀವಲ್ಲ, ಗಟ್ಟಿಯಾದ ಗಂಟು. ಅದನ್ನು ತೆಗೆಯುವುದು ಡಾಕ್ಟರ ಕೆಲಸ.

ಪಾದ ಚೊಕ್ಕವಾಗಿದ್ದು ಮೇಲಿನ ಕೀಲು ಊದಿದ್ದರೆ, ನಿನ್ನೆ ಯಾರಾದರೂ ಹಿಡಿದು ಎತ್ತಿದ್ದಾರಾ ಅಂತ ಮನೆಯಲ್ಲಿ ಕೇಳಿ. ಕೋಳಿಯನ್ನು ಕಾಲು ಹಿಡಿದು ತಲೆಕೆಳಗಾಗಿ ಎತ್ತುವುದು ನಮ್ಮಲ್ಲಿ ರೂಢಿ. ಬಾತಿನ ಕಾಲು ಅಷ್ಟು ಗಟ್ಟಿಯಿಲ್ಲ, ಉಳುಕಿಬಿಡುತ್ತದೆ. ಎರಡೂ ರೆಕ್ಕೆ ಮೈಗೆ ಒತ್ತಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಬೇಕು. ಉಳುಕಿದ್ದಕ್ಕೆ ಒಂದು ವಾರ ಓಡಾಟ ಬೇಡ. ದಿನಕ್ಕೊಮ್ಮೆ ತೊಟ್ಟಿಯಲ್ಲಿ ತೇಲಲು ಬಿಡಿ, ನೀರು ಅದರ ಭಾರ ಹೊರುತ್ತದೆ.

ಮರಿ ಕುಂಟಿದರೆ ಮೇವಿನ ಚೀಲ ನೋಡಿ. ಬಾತಿನ ಮರಿಗೆ ನಯಾಸಿನ್ ಅನ್ನುವ ಬಿ3 ವಿಟಮಿನ್ ಕೋಳಿ ಮರಿಗಿಂತ ಜಾಸ್ತಿ ಬೇಕು, ಒಂದು ಕೆಜಿ ಮೇವಿನಲ್ಲಿ ಸುಮಾರು 55 ಮಿಲಿಗ್ರಾಂ. ಬರೀ ನುಚ್ಚಕ್ಕಿ, ಮೆಕ್ಕೆಜೋಳದ ನುಚ್ಚಿನಲ್ಲಿ ಅದು ಸಾಲುವುದಿಲ್ಲ. ಕೋಳಿ ಮರಿಯ ಫೀಡಿನಲ್ಲೂ ಸಾಲದೆ ಹೋಗುತ್ತದೆ. ಎರಡು ಮೂರು ವಾರಕ್ಕೆ ಮರಿ ಕಾಲು ಬಿಲ್ಲಿನಂತೆ ಬಾಗಿಸಿ, ಮೊಣಕಾಲಿನ ಮೇಲೆ ತೆವಳಲು ಶುರು ಮಾಡುತ್ತದೆ. ಬೇಗ ಗುರುತಿಸಿದರೆ ಇದರಷ್ಟು ಚೆನ್ನಾಗಿ ಗುಣವಾಗುವ ತೊಂದರೆ ಇನ್ನೊಂದಿಲ್ಲ. ಬ್ರೂವರ್ಸ್ ಯೀಸ್ಟ್ ಪುಡಿ ಒಂದು ಕಪ್ ಮೇವಿಗೆ ಒಂದು ದೊಡ್ಡ ಚಮಚದಷ್ಟು ಕಲಸಿ ದಿನಾ ಕೊಡಿ. ಬ್ರೆಡ್ ಮಾಡುವ ಯೀಸ್ಟ್ ಅಲ್ಲ, ಅದು ಹೊಟ್ಟೆಯಲ್ಲಿ ಹುದುಗುತ್ತದೆ. ತಡವಾದರೆ ಮೂಳೆ ಬಾಗಿದ್ದು ಹಾಗೇ ಉಳಿಯುತ್ತದೆ.

ಇನ್ನು ಮೊಟ್ಟೆ ಇಡುವ ಹೆಣ್ಣು. ಇಲ್ಲಿ ನಾನೇ ಎಡವಿದ್ದೇನೆ. ನಮ್ಮ ಚಿನ್ನಿ ಒಂದು ಬೆಳಗ್ಗೆ ಎಡಗಾಲು ಎಳೆಯುತ್ತಾ ಬಂದಳು. ಪಾದದಲ್ಲಿ ಗಾಯ ಇರಲಿಲ್ಲ. ಉಳುಕಿರಬೇಕು ಅಂತ ಅರಿಶಿನ ಹಚ್ಚಿ ಕ್ರೇಟಿನಲ್ಲಿ ಕೂರಿಸಿದೆ. ಸಂಜೆಗೆ ಅವಳು ಎದೆ ಮೇಲೆತ್ತಿ, ಬಾಲ ಕೆಳಗಿಟ್ಟು, ಕಂಬದ ಹಾಗೆ ನೆಟ್ಟಗೆ ನಿಂತಿದ್ದಳು. ಬಾಲ ಪಟಪಟ ಅನ್ನುತ್ತಿತ್ತು. ಪಶು ಆಸ್ಪತ್ರೆಗೆ ಫೋನ್ ಮಾಡಿ, "ಡಾಕ್ಟ್ರೇ, ಬಾತು ಕಾಲು ಎಳೀತಾ ಇದೆ" ಅಂದೆ.

"ಕಾಲು ಬಿಡಿ ಮೇಡಂ. ಬೆಳಗ್ಗೆ ಮೊಟ್ಟೆ ಇಟ್ಟಿದೆಯಾ?"

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಬಾತುಗಳು ಹೆಚ್ಚಾಗಿ ಬೆಳಗಿನ ಜಾವದಿಂದ 9 ಗಂಟೆ ಒಳಗೆ ಮೊಟ್ಟೆ ಇಟ್ಟು ಮುಗಿಸುತ್ತವೆ. ಸಂಜೆ ತನಕ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ ಅಂತ ಅರ್ಥ. ಒಳಗೆ ಸಿಕ್ಕಿಕೊಂಡ ಮೊಟ್ಟೆ ಕಾಲಿಗೆ ಹೋಗುವ ನರವನ್ನು ಒತ್ತುತ್ತದೆ, ಅದಕ್ಕೆ ಕುಂಟು.

ಡಾಕ್ಟರು ಹೇಳಿದ ಹಾಗೆ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಬೇಸಿನ್‌ನಲ್ಲಿ ಹೊಟ್ಟೆ ಮುಳುಗುವಷ್ಟು ನೀರಲ್ಲಿ ಅವಳನ್ನು ಕೂರಿಸಿದೆ. ಒಂದು ಕೈ ಎದೆಯ ಕೆಳಗೆ. ಮೊದಲು ಅವಳ ಎದೆ ನನ್ನ ಬೆರಳಿನ ಮೇಲೆ ಡವಡವ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಯಿತು, ಕಣ್ಣು ಅರೆ ಮುಚ್ಚಿದಳು. ಅರ್ಧ ಗಂಟೆ ಆದಮೇಲೆ ಒರೆಸಿ, ಹಿಂಭಾಗದ ದ್ವಾರದ ಸುತ್ತ ತೆಂಗಿನೆಣ್ಣೆ ಹಚ್ಚಿ, ಅವರು ಹೇಳಿದಷ್ಟು ಕ್ಯಾಲ್ಸಿಯಂ ಸಿರಪ್ ಹನಿ ಹನಿಯಾಗಿ ಹಾಕಿ, ಬೆಚ್ಚಗೆ ಕತ್ತಲಲ್ಲಿ ಬಿಟ್ಟೆ. ಎರಡು ಸಲ ಹೀಗೆ ಮಾಡಿದ ಮೇಲೆ ರಾತ್ರಿ ಹನ್ನೊಂದಕ್ಕೆ ಟವೆಲ್ ಮೇಲೆ ಮೊಟ್ಟೆ ಬಿದ್ದಿತ್ತು. ಚಿಪ್ಪೇ ಇಲ್ಲ, ಒದ್ದೆ ಕಾಗದದಂಥ ಪೊರೆ. ಬೆರಳು ತಾಗಿಸಿದರೆ ತಗ್ಗು ಬೀಳುತ್ತಿತ್ತು. ಮಾರನೆ ದಿನ ಕಾಲು ಎಳೆಯುವುದೂ ನಿಂತಿತು.

ಅವತ್ತಿನಿಂದ ಮೇವಿನ ಪಕ್ಕ ಕಪ್ಪೆಚಿಪ್ಪಿನ ಪುಡಿಯ ಬಟ್ಟಲು ಯಾವಾಗಲೂ ಇರುತ್ತದೆ. ಬೇಕಾದಷ್ಟು ಅವೇ ತಿನ್ನುತ್ತವೆ. ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುವ ತಳಿ, ಅಷ್ಟು ಸುಣ್ಣ ಮೈಯಿಂದ ಹೋಗುತ್ತದೆ. ಹೊಟ್ಟೆ ಹಿಸುಕಿ ಮೊಟ್ಟೆ ಹೊರಗೆ ತಳ್ಳಲು ಹೋಗಬೇಡಿ, ಒಳಗೆ ಒಡೆದರೆ ಹಕ್ಕಿ ಉಳಿಯುವುದು ಕಷ್ಟ. ಎರಡು ಸಲ ನೀರಲ್ಲಿ ಕೂರಿಸಿದರೂ ಬಾರದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಹಿಂಭಾಗದಿಂದ ಕೆಂಪು ಮಾಂಸ ಹೊರಗೆ ಬಂದಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಮೊದಲು ಉಳಿದವುಗಳಿಂದ ದೂರ ಮಾಡಿ, ಕುಕ್ಕಿಬಿಡುತ್ತವೆ. ಶುದ್ಧ ನೀರಿನಿಂದ ತೊಳೆದು, ಜೇನು ಹಚ್ಚಿ ಒದ್ದೆಯಾಗಿಟ್ಟು, ಅವತ್ತೇ ತೋರಿಸಿ.

ಕುತ್ತಿಗೆ ನಿಲ್ಲುತ್ತಿಲ್ಲ

ಇದು ಬೇಸಗೆಯ ಕಾಯಿಲೆ. ಏಪ್ರಿಲ್, ಮೇನಲ್ಲಿ ಕೆರೆ ಬತ್ತಿ ಕೆಸರಾಗುತ್ತದೆ. ಸತ್ತ ಮೀನು, ಕೊಳೆತ ಸೊಪ್ಪು, ಅದರ ಮೇಲೆ ಹುಳ. ಅಲ್ಲಿ ಬೊಟುಲಿಸಂ ವಿಷ ಹುಟ್ಟುತ್ತದೆ. ಹುಳಕ್ಕೆ ಅದರಿಂದ ಏನೂ ಆಗುವುದಿಲ್ಲ, ಆ ಹುಳ ತಿಂದ ಬಾತಿಗೆ ಆಗುತ್ತದೆ. ಮೊದಲು ಕಾಲು ಸೋಲುತ್ತದೆ, ಆಮೇಲೆ ರೆಕ್ಕೆ, ಕೊನೆಗೆ ಕುತ್ತಿಗೆ ಒದ್ದೆ ಬಟ್ಟೆಯಂತೆ ನೆಲಕ್ಕೆ ಬೀಳುತ್ತದೆ. ಹಕ್ಕಿಗೆ ಪ್ರಜ್ಞೆ ಇರುತ್ತದೆ, ನಿಮ್ಮನ್ನೇ ನೋಡುತ್ತಿರುತ್ತದೆ. ನೋಡಲು ಸಂಕಟವಾಗುತ್ತದೆ.

ಹಾಗಂತ ಕೈ ಚೆಲ್ಲಬೇಡಿ. ಕಮ್ಮಿ ವಿಷ ಹೋಗಿದ್ದರೆ ಕೆಲವು ದಿನಗಳಲ್ಲಿ ಎದ್ದು ಕೂರುತ್ತವೆ. ನೆರಳಲ್ಲಿ ಇಡಿ, ಟವೆಲ್ ಸುತ್ತಿ ದಿಂಬು ಮಾಡಿ ತಲೆ ಎತ್ತರಿಸಿ. ನುಂಗಲು ಆಗುತ್ತಿದ್ದರೆ ಮಾತ್ರ ನೀರು ಹನಿಸಿ, ಆಗದಿದ್ದರೆ ಡಾಕ್ಟರು ನಳಿಕೆಯಿಂದ ಕೊಡಬೇಕು. ಉಳಿದ ಬಾತುಗಳನ್ನು ಆ ಕೆಸರಿನಿಂದ ಅವತ್ತೇ ದೂರ ಇಡಿ. ಸತ್ತದ್ದನ್ನೆಲ್ಲ ಹೆಕ್ಕಿ ಆಳವಾಗಿ ಹೂಳಿ.

ಕುತ್ತಿಗೆ ಜೋಲದೆ, ಬಿಗಿದು ಬೆನ್ನಿನ ಕಡೆಗೆ ತಿರುಚಿಕೊಂಡರೆ ಅದು ಬೇರೆ ಕಾಯಿಲೆ. ಆರು ವಾರದೊಳಗಿನ ಮರಿಗಳು ಹೀಗೆ ತಿರುಚಿಕೊಂಡು ಗಂಟೆಗಳಲ್ಲೇ ಸಾಯುತ್ತಿದ್ದರೆ ವೈರಸ್‌ನಿಂದ ಬರುವ ಯಕೃತ್ತಿನ ಕಾಯಿಲೆ ಇರಬಹುದು. ತಡ ಮಾಡದೆ ಆಸ್ಪತ್ರೆಗೆ ತಿಳಿಸಿ.

ಹಿಕ್ಕೆ ನೋಡಿ

ಕ್ರೇಟಿನ ಟವೆಲ್ ಮೇಲೆ ಬಿಳಿ ಕಾಗದ ಹಾಸಿದರೆ ಹಿಕ್ಕೆ ಚೆನ್ನಾಗಿ ಕಾಣುತ್ತದೆ. ಬಾತಿನ ಹಿಕ್ಕೆ ನೀರುನೀರಾಗಿಯೇ ಇರುತ್ತದೆ. ಆಗಾಗ ಕಂದು ಬಣ್ಣದ ಅಂಟಂಟು ಹಿಕ್ಕೆ ಬರುವುದೂ ಸರಿಯೇ. ಎರಡು ದಿನ ಉಪವಾಸ ಇದ್ದರೆ ಕಡು ಹಸಿರು ಬರುತ್ತದೆ, ಅದು ಹೊಟ್ಟೆ ಖಾಲಿ ಅನ್ನುವುದರ ಗುರುತು. ತಿನ್ನುತ್ತಿದ್ದೂ ಕಡು ಹಸಿರು ಬಂದು, ತೂಕ ಇಳಿದು, ಕಾಲು ಸೋತರೆ ಲೋಹ ನುಂಗಿದೆಯಾ ಅಂತ ಯೋಚಿಸಿ. ಹೊಳೆಯುವುದನ್ನೆಲ್ಲ ಬಾತು ನುಂಗುತ್ತದೆ: ಮೊಳೆ, ತಂತಿ ಚೂರು, ಗಾಳ ಹಾಕುವವರು ಬಿಟ್ಟುಹೋದ ಸೀಸದ ಗುಂಡು. ಸೀಸ ಒಳಗೆ ಸವೆಯುತ್ತಾ ರಕ್ತಕ್ಕೆ ಸೇರುತ್ತದೆ. ಎಕ್ಸ್‌ರೇ ತೆಗೆದರೆ ಲೋಹ ಸ್ಪಷ್ಟವಾಗಿ ಕಾಣುತ್ತದೆ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದ ಡಾಕ್ಟರು ಅಲ್ಲಿಗೆ ಒಯ್ಯಿರಿ ಅಂದರೆ ಹಿಂದೆಮುಂದೆ ನೋಡಬೇಡಿ.

ಉಸಿರು, ಕಣ್ಣು, ಮತ್ತು ಬೂಸ್ಟು

ಬಿಸಿಲಲ್ಲಿ ಬಾತು ಬಾಯಿ ತೆರೆದು ಏದುವುದು ಸಹಜ. ನೆರಳಿಗೆ ತಂದರೂ ಏದುತ್ತಿದ್ದರೆ, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಶ್ವಾಸಕೋಶಕ್ಕೆ ತೊಂದರೆ ಆಗಿದೆ. ಮಳೆಗಾಲದಲ್ಲಿ ನಾನು ಮೊದಲು ಅನುಮಾನ ಪಡುವುದು ಗೂಡಿಗೆ ಹಾಸಿದ ದರಗು, ಹುಲ್ಲನ್ನು. ಒದ್ದೆಯಾಗಿ ಬೂಸ್ಟು ಹಿಡಿದರೆ ಆ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲೇ ಬೆಳೆಯುತ್ತದೆ. ಗುಣ ಮಾಡುವುದು ತುಂಬಾ ಕಷ್ಟ. ಹಾಸು ಬದಲಿಸುವುದು ಸುಲಭ.

ಹಿಂಡಿಗೆ ಹಿಡಿಯುವ ಬೂಸ್ಟು ಇನ್ನೂ ಕೆಟ್ಟದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು, ಬಾತಿನ ಮರಿಗಳೂ ಸತ್ತವು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೂಸ್ಟಿನ ವಿಷ ಸಿಕ್ಕಿತು. ಅಫ್ಲಟಾಕ್ಸಿನ್ ಅನ್ನುವ ಹೆಸರು ಹಾಗೆ ಬಂತು. ಆ ವಿಷಕ್ಕೆ ಬಾತಿನ ಮರಿಯಷ್ಟು ಬೇಗ ಬಲಿಯಾಗುವ ಪ್ರಾಣಿ ಕಮ್ಮಿ. ಆದ್ದರಿಂದ ಗಂಟು ಕಟ್ಟಿದ, ಮುಗ್ಗಲು ವಾಸನೆ ಬರುವ ಹಿಂಡಿಯನ್ನು ಒಣಗಿಸಿ ಹಾಕೋಣ ಅನ್ನಬೇಡಿ. ಬಿಸಿಲಿಗೆ ವಿಷ ಹೋಗುವುದಿಲ್ಲ. ಸುಮ್ನೆ ಗುಂಡಿಗೆ ಹಾಕಿ.

ಕಣ್ಣಲ್ಲಿ ನೊರೆ, ಅಂಟು ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ತಲೆ ಅದ್ದಲು ಆಳದ ನೀರಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಸಲೈನ್‌ನಿಂದ ತೊಳೆದು ಬಕೆಟ್ ನೀರು ಇಡಿ. ಎರಡು ದಿನಕ್ಕೆ ಹೋಗದಿದ್ದರೆ ತೋರಿಸಿ.

ತೋಟ, ಗದ್ದೆಯ ಔಷಧಿ

ಮಳೆಗಾಲದ ಮುಂಚೆ ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಾರೆ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ. ಡ್ರಮ್ಮಿನ ಸುತ್ತ ನೀಲಿ ನೀರು ನಿಲ್ಲುತ್ತದೆ. ಬಾತಿಗೆ ಎಲ್ಲಿ ನೀರು ನಿಂತರೂ ಅದು ಕೆರೆಯೇ. ಔಷಧಿ ಹೊಡೆಯುವ ದಿನ ನಾನು ಗೂಡಿನ ಬಾಗಿಲು ತೆಗೆಯುವುದಿಲ್ಲ, ಒಳಗೇ ನೀರು ಮೇವು. ಗದ್ದೆಗೆ ಕೀಟನಾಶಕ ಹಾಕಿದ ಮೇಲೆ ಬಾತು ಜೊಲ್ಲು ಸುರಿಸಿ, ನಡುಗಿ, ಬಿದ್ದರೆ ಒಂದು ನಿಮಿಷವೂ ಕಾಯಬೇಡಿ. ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಕೆಲವು ಕೀಟನಾಶಕಗಳಿಗೆ ಅಟ್ರೋಪಿನ್ ಇಂಜೆಕ್ಷನ್ ಕೆಲಸ ಮಾಡುತ್ತದೆ, ಯಾವುದು ಅಂತ ಗೊತ್ತಾಗಲು ಡಬ್ಬಿ ಬೇಕು.

ಒಟ್ಟಿಗೆ ಎರಡು ಮೂರು ಬಿದ್ದರೆ

ಮನೆ ಮದ್ದು ಅಲ್ಲಿಗೆ ಮುಗಿಯಿತು. ಬಾತಿನ ಪ್ಲೇಗ್ ಇರಬಹುದು: ಬೆಳಕಿಗೆ ಕಣ್ಣು ಮುಚ್ಚುತ್ತವೆ, ರೆಪ್ಪೆ ಅಂಟುತ್ತದೆ, ಹಿಂಭಾಗದಲ್ಲಿ ರಕ್ತ ಕಾಣುತ್ತದೆ. ಅದಕ್ಕೆ ಲಸಿಕೆ ಇದೆ, ಕಾಯಿಲೆ ಬರುವ ಮುಂಚೆಯೇ ಪಶು ಆಸ್ಪತ್ರೆಯಲ್ಲಿ ಕೇಳಿಡಿ. ಹಕ್ಕಿಜ್ವರವೂ ಇರಬಹುದು. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಫಾರ್ಮಿನಲ್ಲೇ ಅದು ಬಂದಿತ್ತು, 2014ರಲ್ಲಿ ಕೇರಳದ ಆಲಪ್ಪುಳದ ಕಡೆ ಬಾತುಗಳಲ್ಲೇ ಕಾಣಿಸಿಕೊಂಡಿತ್ತು. ಏನೂ ಆಗದ ಹಾಗೆ ಓಡಾಡುವ ಬಾತು ಕೂಡ ಅದನ್ನು ಹೊತ್ತು ತಿರುಗಬಲ್ಲದು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ, ಹೊಳೆಗೆ ಎಸೆಯಬೇಡಿ. ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಒಂದೇ ಹಕ್ಕಿಯ ಆರೈಕೆ ಮಾಡುವಾಗಲೂ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳು ಮುದ್ದು ಮಾಡಿ ಮುತ್ತಿಡದಂತೆ ನೋಡಿಕೊಳ್ಳಿ.

ಔಷಧಿ ಡಬ್ಬಿ ತೆರೆಯುವ ಮುಂಚೆ

ಮನುಷ್ಯರ ನೋವಿನ ಮಾತ್ರೆ ಹಕ್ಕಿಗೆ ಹಾಕಬೇಡಿ. ಡೈಕ್ಲೋಫಿನ್ಯಾಕ್ ಅನ್ನುವ ನೋವಿನ ಔಷಧಿ ಕೊಟ್ಟ ದನಗಳ ಹೆಣ ತಿಂದು ದೇಶದ ರಣಹದ್ದುಗಳು ಸತ್ತು, 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಿದರು. ನಮ್ಮ ರಾಮನಗರದ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳನ್ನು ನೆನೆಸಿಕೊಂಡರೆ ಸಾಕು. ಆಂಟಿಬಯೋಟಿಕ್ ಕೂಡ ಪಕ್ಕದ ಮನೆಯವರ ಕೋಳಿಗೆ ಕೊಟ್ಟು ಉಳಿದದ್ದು ಬೇಡ. ಡಾಕ್ಟರು ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ಪೂರ್ತಿ ಹಾಕಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಅವರನ್ನೇ ಕೇಳಿ. ನಾಯಿ ಅಥವಾ ಬೆಕ್ಕು ಕಚ್ಚಿದ್ದರೆ ಗಾಯ ಸೂಜಿಯಷ್ಟೇ ಇದ್ದರೂ ಅವತ್ತೇ ತೋರಿಸಬೇಕು. ಹಲ್ಲಿನ ರೋಗಾಣು ಒಳಗೆ ಸೇರಿರುತ್ತದೆ, ಮಳೆಗಾಲದಲ್ಲಿ ಒಂದೇ ದಿನಕ್ಕೆ ಹುಳವೂ ಬೀಳುತ್ತದೆ.

ವಾಪಸ್ ಗುಂಪಿಗೆ

ಎರಡು ದಿನ ತಾನಾಗಿ ತಿಂದು, ತೂಕ ಏರತೊಡಗಿದ ಮೇಲೆ ಬಿಡಬಹುದು. ಗಂಡನ್ನು ಒಂದು ವಾರ ಬೇರೆ ಇಡಿ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಇಲ್ಲದಿದ್ದರೆ ಸುಸ್ತಾದದ್ದರ ಮೇಲೆಯೇ ಹತ್ತಿ ಮತ್ತೆ ಕಾಲು ಮುರಿಯುತ್ತದೆ. ಕೆರೆಗೆ ಬಿಡುವ ಮುಂಚೆ ಬೆನ್ನಿನ ಮೇಲೆ ಒಂದು ಹಿಡಿ ನೀರು ಚಿಮುಕಿಸಿ ನೋಡಿ. ಹನಿ ಕೆಸುವಿನ ಎಲೆ ಮೇಲಿನ ಹಾಗೆ ಉರುಳಿ ಬಿದ್ದರೆ ಸರಿ. ಗರಿ ನೀರು ಹೀರಿ ಕಪ್ಪಾದರೆ ಇನ್ನೂ ಬೇಡ, ದಿನ ಬಿಟ್ಟು ದಿನ ತೊಟ್ಟಿಯಲ್ಲಿ ಹತ್ತು ನಿಮಿಷ ಆಡಲು ಬಿಟ್ಟು ಒರೆಸಿ ತನ್ನಿ. ಬಾಲದ ಬುಡದ ಎಣ್ಣೆಯನ್ನು ಕೊಕ್ಕಿನಿಂದ ಮೈಗೆಲ್ಲ ಸವರಿಕೊಳ್ಳಲು ಅದಕ್ಕೆ ಕೆಲವು ದಿನ ಬೇಕು. ಚಿನ್ನಿಗೆ ಐದು ದಿನ ಹಿಡಿಯಿತು. ಆರನೇ ದಿನ ಬಾಗಿಲು ತೆಗೆದಾಗ ಸಾಲಿನಲ್ಲಿ ಮೂರನೆಯವಳಾಗಿ ಬಂದಳು.